ತೊರವಿಯ ಸುರಂಗ ನೀರು ಮತ್ತು ನವರಸದ ದೊರೆ

ಸಂಕ್ರಾಂತಿ ಕಳೆಯಿತು. ಚಳಿ ಹಿಂದೆ ಸರಿಯುತ್ತಿದೆ. ಬೇವಿನ ಮರ ಹಳೆಯ ಎಲೆ ಉದುರಿಸಿ ಚಿಗುರಲು ಸಿದ್ಧವಾಗುತ್ತಿದೆ. ಹಿತ್ತಲಲ್ಲಿ ಒಂದು ಮಡಿ ಮಾಡಿ ಹೀರೆ, ಬೆಂಡೆ, ಚವಳಿ ಬೀಜ ಊರಲು ಇದು ಒಳ್ಳೆಯ ಕಾಲ. ಬೀಜ ಮೊಳೆಯಲು ಬೇಕಾದಷ್ಟು ಮಣ್ಣು ಬೆಚ್ಚಗಾಗಿದೆ. ಆದರೆ ನೀವು ವಿಜಯಪುರ ಜಿಲ್ಲೆಯವರಾದರೆ, ಮಡಿಗೆ ನೀರು ಎಲ್ಲಿಂದ ತರುತ್ತೀರಿ ಎಂದು ಮನೆಯವರು ಮೊದಲೇ ಕೇಳುತ್ತಾರೆ. ಕೇಳುವುದು ಸರಿಯೇ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಅಕ್ಟೋಬರ್ ಒಳಗೆ ಬಂದು ಮುಗಿಯುತ್ತದೆ. ಈಗ ಊರಿದ ಬಳ್ಳಿ ಕಾಯಿ ಬಿಡುವ ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ.

ಇದೇ ನೆಲದಲ್ಲಿ ನಾಲ್ಕು ನೂರು ವರ್ಷಗಳ ಹಿಂದೆ ಒಬ್ಬ ದೊರೆ ಇಡೀ ಒಂದು ಪಟ್ಟಣವನ್ನೇ ಹೊಸದಾಗಿ ಬೆಳೆಸಲು ಹೊರಟ. ಅವನೇ ಎರಡನೆಯ ಇಬ್ರಾಹಿಂ ಆದಿಲ್‌ಶಾ.

ಇಬ್ರಾಹಿಂ ಸಿಂಹಾಸನ ಏರಿದ್ದು 1580ರಲ್ಲಿ. ಆಗ ಅವನ ವಯಸ್ಸು ಒಂಬತ್ತು. ಈಗಿನ ಲೆಕ್ಕದಲ್ಲಿ ನಾಲ್ಕನೆಯ ತರಗತಿಯ ಹುಡುಗ! ಅವನಿಗಿಂತ ಮೊದಲು ಆಳುತ್ತಿದ್ದ ಅಲಿ ಆದಿಲ್‌ಶಾನಿಗೆ ಗಂಡು ಮಕ್ಕಳಿರಲಿಲ್ಲ. ಆದ್ದರಿಂದ ಅವನ ಸಹೋದರನ ಮಗನಾದ ಇಬ್ರಾಹಿಂನಿಗೆ ಪಟ್ಟ ಕಟ್ಟಿದರು. ಅಲಿಯ ರಾಣಿ ಚಾಂದ್ ಬೀಬಿ ಹುಡುಗನನ್ನು ನೋಡಿಕೊಂಡಳು. ಆಸ್ಥಾನದ ಸರದಾರರು ಮಾತ್ರ ಅಧಿಕಾರಕ್ಕಾಗಿ ತಮ್ಮತಮ್ಮಲ್ಲೇ ಕಾದಾಡುತ್ತಿದ್ದರು. ಒಬ್ಬನಂತೂ ಚಾಂದ್ ಬೀಬಿಯನ್ನೇ ಸಾತಾರಾ ಕೋಟೆಯಲ್ಲಿ ಸೆರೆಯಿಟ್ಟ. ರಾಜ್ಯದ ಹಿಡಿತ ಇಬ್ರಾಹಿಂನ ಕೈಗೆ ಬಂದದ್ದು 1590ರ ಹೊತ್ತಿಗೆ, ಅವನು ಯುವಕನಾದ ಮೇಲೆ.

ಇಬ್ರಾಹಿಂನಿಗೆ ಕತ್ತಿಗಿಂತ ತಂಬೂರಿಯೇ ಹೆಚ್ಚು ಪ್ರಿಯವಾಗಿತ್ತು. ತನ್ನ ತಂಬೂರಿಗೆ ಅವನು ಮೋತಿಖಾನ್ ಎಂದು ಹೆಸರಿಟ್ಟಿದ್ದ. ದಖನಿ ಭಾಷೆಯಲ್ಲಿ ಹಾಡುಗಳನ್ನು ಬರೆದು 'ಕಿತಾಬ್-ಎ-ನವರಸ್' ಎಂಬ ಗ್ರಂಥ ಮಾಡಿದ. ಅದರಲ್ಲಿ ಸರಸ್ವತಿಯ ಸ್ತುತಿಯೂ ಇದೆ, ಗಣಪತಿಯ ಸ್ತುತಿಯೂ ಇದೆ. ಜನ ಅವನನ್ನು ಜಗದ್ಗುರು ಎಂದು ಕರೆದರು. ನವರಸ್ ಎಂಬ ಪದ ಅವನಿಗೆ ಎಷ್ಟು ಇಷ್ಟವಾಗಿತ್ತೆಂದರೆ ಕಂಡಕಂಡದ್ದಕ್ಕೆಲ್ಲ ಅದೇ ಹೆಸರು. 1599ರಲ್ಲಿ ಹೊಸ ಪಟ್ಟಣ ಕಟ್ಟಿಸಲು ಆರಂಭಿಸಿದಾಗ ಅದಕ್ಕೂ ನವರಸಪುರ ಎಂದೇ ಹೆಸರಿಟ್ಟ.

ಆ ಪಟ್ಟಣಕ್ಕೆ ಆರಿಸಿದ ಜಾಗ ವಿಜಯಪುರದ ಪಶ್ಚಿಮಕ್ಕೆ ಐದಾರು ಕಿಲೋಮೀಟರ್ ದೂರದ ತೊರವಿ. ಕನ್ನಡ ಪಾಠದಲ್ಲಿ ತೊರವೆ ರಾಮಾಯಣದ ಹೆಸರು ಕೇಳಿರಬಹುದು, ಅದೇ ಊರು. ತೊರವಿಗೆ ಇನ್ನೊಂದು ಹಿರಿಮೆಯೂ ಇತ್ತು. ಪಟ್ಟಣಕ್ಕೆ ನೀರು ಒಯ್ಯುವ ಸುರಂಗ ಬಾವಿ ಇದ್ದದ್ದು ಇಲ್ಲೇ. ಅಲಿ ಆದಿಲ್‌ಶಾನ ಕಾಲದಲ್ಲಿ ಆರಂಭವಾದ ಈ ವ್ಯವಸ್ಥೆ ಇಬ್ರಾಹಿಂನ ಕಾಲದಲ್ಲಿ ಇನ್ನಷ್ಟು ಬೆಳೆಯಿತು.

ಪಂಪು ಇಲ್ಲ, ವಿದ್ಯುತ್ ಇಲ್ಲ. ಹಾಗಾದರೆ ನೀರು ತೊರವಿಯಿಂದ ವಿಜಯಪುರಕ್ಕೆ ಹೋದದ್ದು ಹೇಗೆ?

ತೊರವಿಯ ನೆಲ ಪಟ್ಟಣಕ್ಕಿಂತ ಎತ್ತರದಲ್ಲಿದೆ. ಅಲ್ಲಿ ಅಂತರ್ಜಲ ಸಿಗುವಷ್ಟು ಆಳಕ್ಕೆ ಬಾವಿ ತೋಡಿದರು. ಅದರ ತಳದಿಂದ ಪಟ್ಟಣದ ಕಡೆಗೆ ನೆಲದೊಳಗೇ ಸುರಂಗ ಕೊರೆದರು. ಸುರಂಗಕ್ಕೆ ಬಹಳ ಸ್ವಲ್ಪ ಇಳಿಜಾರು ಕೊಟ್ಟರು. ಇಳಿಜಾರು ಹೆಚ್ಚಾದರೆ ನೀರು ರಭಸದಿಂದ ಹರಿದು ಸುರಂಗವನ್ನೇ ಕೊರೆಯುತ್ತದೆ. ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಕತ್ತಲೆಯಲ್ಲಿ, ಕಲ್ಲಿನಂಥ ನೆಲದಲ್ಲಿ ಈ ಅಳತೆ ಹಿಡಿದ ಕೆಲಸಗಾರರ ಹೆಸರು ಇತಿಹಾಸದಲ್ಲಿ ಉಳಿದಿಲ್ಲ. ದೊರೆಯ ಹೆಸರಿನಷ್ಟೇ ಅವೂ ಉಳಿಯಬೇಕಿತ್ತು.

ಸುರಂಗದ ಉದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಕಂಡಿಗಳನ್ನು ಇಳಿಸಿದ್ದರು. ತೋಡುವಾಗ ಗಾಳಿ, ಬೆಳಕು ಬರಲು, ಮಣ್ಣು ಮೇಲೆತ್ತಲು ಅವು ಬೇಕಾಗಿದ್ದವು. ಆಮೇಲೆ ಹೂಳು ತೆಗೆಯಲೂ ಉಪಯೋಗಕ್ಕೆ ಬಂದವು. ಈ ವಿಧಾನ ಹುಟ್ಟಿದ್ದು ಇರಾನಿನ ಒಣ ನೆಲದಲ್ಲಿ. ಇದಕ್ಕೆ ಕರೇಜ್ ಎನ್ನುತ್ತಾರೆ. ನಮ್ಮ ಬೀದರಿನಲ್ಲೂ ಇಂಥದೊಂದಿದೆ.

ಪಟ್ಟಣದೊಳಗೆ ನೀರು ಮಣ್ಣಿನ ಕೊಳವೆಗಳಲ್ಲಿ ಹರಿಯುತ್ತಿತ್ತು. ಮೇಲಿನಿಂದ ಇಳಿದು ಬಂದ ನೀರಿನ ಒತ್ತಡಕ್ಕೆ ಕೊಳವೆ ಒಡೆಯಬಾರದಲ್ಲ? ಅದಕ್ಕೆ ಅಲ್ಲಲ್ಲಿ ಗಂಜ್ ಎಂಬ ಕಲ್ಲಿನ ಗೋಪುರ ಕಟ್ಟಿದರು. ನೀರು ಗೋಪುರದೊಳಗೆ ಏರಿ ಗಾಳಿಗೆ ತೆರೆದುಕೊಂಡಾಗ ಒತ್ತಡ ಇಳಿಯುತ್ತದೆ. ಕೆಸರೂ ತಳಕ್ಕೆ ಕೂಡುತ್ತದೆ. ಅಲ್ಲಿಂದ ನೀರು ಮುಂದಿನ ಕೊಳವೆಗೆ ಹೋಗುತ್ತದೆ. ಇಂಥ ಕೆಲವು ಗೋಪುರಗಳು ವಿಜಯಪುರದಲ್ಲಿ ಈಗಲೂ ನಿಂತಿವೆ.

ಇಷ್ಟು ಕಷ್ಟಪಡುವ ಬದಲು ತೆರೆದ ಕಾಲುವೆ ತೋಡಬಹುದಿತ್ತಲ್ಲ ಎನಿಸಬಹುದು. ಒಂದು ತಟ್ಟೆಯಲ್ಲಿ ಒಂದು ಲೋಟ ನೀರು ಹಾಕಿ ಮಾರ್ಚ್ ಬಿಸಿಲಿನಲ್ಲಿಡಿ. ಅಷ್ಟೇ ನೀರನ್ನು ಮುಚ್ಚಿದ ಡಬ್ಬಿಯಲ್ಲಿ ಪಕ್ಕದಲ್ಲಿಡಿ. ಸಂಜೆ ಅಳೆದು ನೋಡಿ, ಉತ್ತರ ನಿಮಗೇ ತಿಳಿಯುತ್ತದೆ. ಸುರಂಗದ ನೀರಿಗೆ ಬಿಸಿಲೂ ತಾಗದು, ಒಣ ಗಾಳಿಯೂ ತಾಗದು.

ಇದೇ ಉಪಾಯ ನಿಮ್ಮ ಮಡಿಗೂ ಆಗುತ್ತದೆ. ಬಣ್ಣ ಹಚ್ಚದ ಒಂದು ಮಣ್ಣಿನ ಗಡಿಗೆ ಹುಡುಕಿ. ನೀರು ತುಂಬಿಟ್ಟರೆ ಅದರ ಹೊರಮೈ ಬೆವರಬೇಕು. ಬೆವರದಿದ್ದರೆ ಅದು ಬೇಡ. ಮಡಿಯ ನಡುವೆ ಗುಂಡಿ ತೆಗೆದು ಗಡಿಗೆಯ ಕುತ್ತಿಗೆ ಮಾತ್ರ ಮೇಲೆ ಕಾಣುವಂತೆ ಹೂಳಿ. ನಮ್ಮ ಎರೆ ಮಣ್ಣು ಒಣಗಿದರೆ ಬಿರಿಯುತ್ತದೆ, ಆದ್ದರಿಂದ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ. ಗಡಿಗೆಯ ಸುತ್ತ ಒಂದು ಗೇಣು ದೂರದಲ್ಲಿ ನಾಲ್ಕು ಹೀರೆ ಬೀಜ ಊರಿ, ಮೊಳೆಯುವವರೆಗೆ ಕೈಯಿಂದ ನೀರು ಚಿಮುಕಿಸಿ. ಆಮೇಲೆ ಗಡಿಗೆ ತುಂಬಿ ಮುಚ್ಚಳ ಮುಚ್ಚಿದರೆ ಸಾಕು. ಸುತ್ತಲ ಮಣ್ಣು ಒಣಗಿದಷ್ಟೂ ಗಡಿಗೆಯ ಸಣ್ಣ ರಂಧ್ರಗಳಿಂದ ನೀರು ಜಿನುಗುತ್ತದೆ, ಬೇರು ಅದನ್ನು ಹುಡುಕಿಕೊಂಡು ಬರುತ್ತದೆ. ಮಣ್ಣಿನ ಮೇಲೆ ಜೋಳದ ಕಣಿಕೆ ಹಾಸಿದರೆ ಇನ್ನೂ ಒಳ್ಳೆಯದು. ಮೆಂತೆ, ಕೊತ್ತಂಬರಿಯಂಥ ಪಲ್ಲೆಗೆ ಮಾತ್ರ ಇದು ಸಾಲದು. ಅವುಗಳ ಬೇರು ಮೇಲೆಮೇಲೆಯೇ ಇರುತ್ತದೆ.

ಅಂದಹಾಗೆ, ಇಬ್ರಾಹಿಂನ ಕಾಲ ಹೊಸ ಗಿಡಗಳ ಕಾಲವೂ ಹೌದು. ನಾವು ದಿನವೂ ತಿನ್ನುವ ಮೆಣಸಿನಕಾಯಿ ಅಮೆರಿಕ ಖಂಡದ್ದು. ಪೋರ್ಚುಗೀಸರ ಹಡಗುಗಳ ಮೂಲಕ ಅದು ಭಾರತಕ್ಕೆ ಬಂತು. ತಂಬಾಕೂ ಹಾಗೇ ಬಂತು. ವಿಜಯಪುರಕ್ಕೆ ಬಂದಿದ್ದ ಅಕ್ಬರನ ದೂತ ಅಸದ್ ಬೇಗ್ ಇಲ್ಲಿ ತಂಬಾಕು ಕಂಡು ಬೆರಗಾಗಿ ಚಕ್ರವರ್ತಿಗೂ ಒಯ್ದ. ಅದು ಎಂಥ ಕೆಟ್ಟ ಕಾಣಿಕೆ ಎಂದು ಆಗ ಯಾರಿಗೂ ತಿಳಿದಿರಲಿಲ್ಲ.

ನವರಸಪುರದ ಕೆಲಸ ವರ್ಷಗಟ್ಟಲೆ ನಡೆಯಿತು. ಹಾಡು ಕೇಳಲೆಂದೇ ಸಂಗೀತ ಮಹಲ್ ಎದ್ದಿತು. ಆದರೆ ಪಟ್ಟಣ ಪೂರ್ತಿಯಾಗಲಿಲ್ಲ. 1624ರಲ್ಲಿ ಅಹಮದ್‌ನಗರದ ಸೇನಾನಿ ಮಲಿಕ್ ಅಂಬರ್ ದಂಡೆತ್ತಿ ಬಂದ. ವಿಜಯಪುರಕ್ಕೆ ಗಟ್ಟಿ ಕೋಟೆಯಿತ್ತು, ನವರಸಪುರಕ್ಕೆ ಅಂಥ ರಕ್ಷಣೆ ಇರಲಿಲ್ಲ. ಇಪ್ಪತ್ತೈದು ವರ್ಷಗಳ ಕನಸು ಲೂಟಿಯಾಯಿತು. ಅದು ಮತ್ತೆ ಪಟ್ಟಣವಾಗಲೇ ಇಲ್ಲ.

ಇಬ್ರಾಹಿಂ 1627ರಲ್ಲಿ ತೀರಿಕೊಂಡ. 47 ವರ್ಷ ಆಳಿದ ಅವನ ಸಮಾಧಿ ಇಬ್ರಾಹಿಂ ರೋಜಾದಲ್ಲಿದೆ. ಅಲ್ಲಿಗೆ ಹೋದರೆ ಸಮಾಧಿಗೂ ಮಸೀದಿಗೂ ನಡುವಿನ ನೀರಿನ ಹೊಂಡವನ್ನು ಗಮನಿಸಿ. ಅವನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ 1620ರಲ್ಲಿ ಕಟ್ಟಿದ ತಾಜ್ ಬಾವಡಿಯೂ ಪಟ್ಟಣದಲ್ಲಿದೆ.

ತೊರವಿಯಲ್ಲಿ ಸಂಗೀತ ಮಹಲಿನ ಕಮಾನುಗಳು ಪಾಳುಬಿದ್ದು ನಿಂತಿವೆ. ಅಪಾಯದಲ್ಲಿರುವ ಸ್ಮಾರಕಗಳತ್ತ ಜಗತ್ತಿನ ಗಮನ ಸೆಳೆಯುವ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ಸಂಸ್ಥೆ ತನ್ನ 2020ರ ಪಟ್ಟಿಗೆ ಸುರಂಗ ಬಾವಿಯನ್ನು ಸೇರಿಸಿತು. ಕಂಡಿಗಳು ಆಳವಾಗಿವೆ, ದೊಡ್ಡವರಿಲ್ಲದೆ ಹತ್ತಿರ ಹೋಗಬೇಡಿ. ಶಿಕ್ಷಕರ ಜೊತೆ ಹೋದಾಗ ದೂರದಲ್ಲೇ ನಿಂತು ಅವುಗಳ ಸಾಲು ಯಾವ ದಿಕ್ಕಿಗೆ ಸಾಗುತ್ತದೆ ನೋಡಿ. ಅದು ಪೂರ್ವಕ್ಕೆ, ಪಟ್ಟಣದ ಕಡೆಗೆ ಹೋಗುತ್ತದೆ.