ದಿನದ ಧಮ್ಮ ಚಿಂತನೆ: ನಾಲಿಗೆಗೆ ಕಾವಲಿಟ್ಟ ಸಾಮ್ರಾಟ



ಇಂದು ಸಾಮ್ರಾಟ್ ಅಶೋಕರನ್ನು ನೆನೆಯೋಣ. ಇವರು ಚಂದ್ರಗುಪ್ತ ಮೌರ್ಯರ ಮೊಮ್ಮಗ, ಬಿಂದುಸಾರರ ಮಗ. ಪಟ್ಟಕ್ಕೆ ಬಂದು 8 ವರ್ಷವಾದಾಗ ಕಳಿಂಗವನ್ನು ಗೆದ್ದರು. ಅಲ್ಲಿ 1 ಲಕ್ಷ ಜನ ಸತ್ತರೆಂದು, ಒಂದೂವರೆ ಲಕ್ಷ ಜನರನ್ನು ಊರು ಬಿಡಿಸಿ ಸಾಗಿಸಲಾಯಿತೆಂದು ಅವರೇ ಬಂಡೆಯ ಮೇಲೆ ಬರೆಸಿದರು. ಗೆದ್ದ ದೊರೆಯೇ ತನ್ನ ಪಶ್ಚಾತ್ತಾಪವನ್ನು ಕಲ್ಲಿನಲ್ಲಿ ಕೆತ್ತಿಸಿದ್ದು ಅಪರೂಪ. ಮುಂದೆ ಧಮ್ಮವೇ ಅವರ ದಾರಿಯಾಯಿತು. ಬಾವಿ ತೋಡಿಸಿದರು, ಸಾಲುಮರ ನೆಡಿಸಿದರು. ಇಷ್ಟನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ.

ಶಾಲೆಯಲ್ಲಿ ಹೆಚ್ಚು ಹೇಳಿಕೊಡದ ಒಂದು ಶಾಸನವಿದೆ. ಜಯನಗರದ ಅಶೋಕ ಪಿಲ್ಲರ್ ನಮಗೆ ಆಟೋದವರಿಗೆ ಹೇಳುವ ಗುರುತು ಅಷ್ಟೆ. ಅಶೋಕರ ಮಾತು ಕಾಣಬೇಕಾದರೆ ಕಲಬುರಗಿ ಜಿಲ್ಲೆಯ ಭೀಮಾ ತೀರದ ಸನ್ನತಿಗೆ ಹೋಗಬೇಕು. ಅಲ್ಲಿನ ಕಾಳಿ ಗುಡಿಯಲ್ಲಿ ಮೂರ್ತಿಯ ಪೀಠವಾಗಿದ್ದ ಕಲ್ಲು, ಅಶೋಕರ ಶಾಸನವೆಂದು 1980ರ ದಶಕದಲ್ಲಿ ತಿಳಿಯಿತು. ಅದರಲ್ಲಿ 12ನೇ ಬಂಡೆಶಾಸನವೂ ಇದೆ. ಅದರ ಸಾರ ಇಷ್ಟು: ಮಾತಿನ ಹಿಡಿತವೇ ಎಲ್ಲಕ್ಕೂ ಬೇರು. ತನ್ನ ಪಂಥದ ಮೇಲಿನ ಮೋಹದಿಂದ ಅದನ್ನು ಹೊಗಳಿ, ಬೇರೆಯದನ್ನು ಹಳಿಯುವವನು ತನ್ನ ಪಂಥಕ್ಕೇ ಹೆಚ್ಚು ಕೇಡು ಮಾಡುತ್ತಾನೆ. ಈ ಸಾಮರಸ್ಯ ಬೆಳೆಸುವ ಕೆಲಸಕ್ಕೆ ಧಮ್ಮ ಮಹಾಮಾತ್ರರೆಂಬ ಅಧಿಕಾರಿಗಳನ್ನೂ ತೊಡಗಿಸಿದರು.

ದ್ವೇಷ ಎಲ್ಲಿಂದ ಶುರುವಾಗುತ್ತದೆಂದು ಅಶೋಕರಿಗೆ ಗೊತ್ತಿತ್ತು. ನಾನು ಬಿಟಿಎಂ ಲೇಔಟ್‌ನಲ್ಲಿ ಟ್ಯೂಷನ್ ಹೇಳುತ್ತೇನೆ. ಹುಡುಗರ ಮೊಬೈಲಿಗೆ ಬರುವುದನ್ನು ನೋಡುತ್ತಿರುತ್ತೇನೆ. ಮೊದಲ ಮೆಸೇಜಿನಲ್ಲಿ ಯಾರ ಮೇಲೂ ಬೈಗುಳ ಇರುವುದಿಲ್ಲ, ಬರೀ ಹೊಗಳಿಕೆ: ನೀನು ವೀರರ ಕುಲದವನು ಅಂತ. ಕೆಲವು ದಿನ ಬಿಟ್ಟು, ನಿನಗೆ ಮೋಸವಾಗಿದೆ ಅಂತ. ಆಮೇಲೆ, ಮೋಸ ಮಾಡಿದವರು ಇವರೇ ಅಂತ ಒಂದು ವಿಡಿಯೋ. ಕೊನೆಗೆ ಭಾನುವಾರದ ಸಭೆಗೆ ಕರೆ, ತಿನ್ನಲು ಬಿರಿಯಾನಿ, ಹೆಗಲ ಮೇಲೆ ಒಂದು ಕೈ. ಕೆಲಸವಿಲ್ಲದ, ಯಾರೂ ಅಣ್ಣಾ ತಮ್ಮಾ ಎಂದು ಕರೆಯದ ಹುಡುಗನಿಗೆ ಆ ಕೈ ಸಾಕು. ಗಲಾಟೆಯಾದರೆ ಕೇಸು ಬೀಳುವುದು ನಮ್ಮ ಕೇರಿಯ ಹುಡುಗನ ಮೇಲೆ. ಮೆಸೇಜ್ ಬರೆದವರ ಮಕ್ಕಳು ಅಲ್ಲಿರುವುದಿಲ್ಲ.

ಬಾಬಾಸಾಹೇಬರು ದೀಕ್ಷೆಗೆ ಆರಿಸಿಕೊಂಡದ್ದು ಅಶೋಕ ವಿಜಯದಶಮಿಯನ್ನು, 1956ರ ಅಕ್ಟೋಬರ್ 14. ಆ ದಿನ ನಮಗೆ ಸಿಕ್ಕಿದ ಸಮ್ಯಕ್ ವಾಚಾ ನಮ್ಮ ಗ್ರೂಪಿಗೂ ಅನ್ವಯಿಸುತ್ತದೆ. ಅನ್ಯಾಯವನ್ನು ಅನ್ಯಾಯವೆಂದೇ ಹೇಳೋಣ. ಒಂದು ಇಡೀ ಜನಾಂಗವನ್ನು ಹೀಗಳೆಯುವ ಮಾತನ್ನು ಮಾತ್ರ, ನಮ್ಮವರೇ ಬರೆದಿದ್ದರೂ, ಮುಂದೆ ಕಳಿಸುವುದು ಬೇಡ.

*ಇಂದಿನ ಅಭ್ಯಾಸ:* ನಿಮ್ಮ ಬೀದಿಯ ಒಬ್ಬ ಹುಡುಗನನ್ನು ಹೆಸರು ಹಿಡಿದು ಮಾತಾಡಿಸಿ, ಈ ಭಾನುವಾರ ವಿಹಾರಕ್ಕೆ ಕರೆದುಕೊಂಡು ಬನ್ನಿ. ಅವರಿಗಿಂತ ಮೊದಲು ನಮ್ಮ ಕೈ ಅವನ ಹೆಗಲ ಮೇಲಿರಲಿ.

ಭವತು ಸಬ್ಬ ಮಂಗಲಂ 🙏