ಗಾಯಕ್ಕೆ ಕಟ್ಟುವ ಹತ್ತಿಯೂ ಲಿಸ್ಟರರ ಚರಿತ್ರೆಯೂ

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗಳಲ್ಲಿ ಗಾಯವಾಗದ ಕೈ ಅಪರೂಪವೇ ಸರಿ. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರಿಗೂ ಬೆಟ್ಟದಲ್ಲಿ ಸೊಪ್ಪು ಕಡಿಯುವವರಿಗೂ ಇದು ತಪ್ಪಿದ್ದಲ್ಲ. ರಕ್ತ ಕಂಡ ಕೂಡಲೆ ಜೇಡರ ಬಲೆಯನ್ನಾಗಲಿ ಸುಣ್ಣವನ್ನಾಗಲಿ ಒಲೆಯ ಬೂದಿಯನ್ನಾಗಲಿ ಒತ್ತಿ ಹಳೆಯ ಅರಿವೆ ಸುತ್ತುವವರು ಇನ್ನೂ ಉಂಟು. ಗಾಯವು ಬಾತು ಕೀವಾದರೆ ಹಣೆಯ ಬರಹವೆಂದು ಸುಮ್ಮನಾಗುತ್ತಾರೆ. ಅದು ಹಣೆಯ ಬರಹವಲ್ಲ, ತಡೆಯಬಹುದಾದ ಕೇಡೆಂದು ಲೋಕಕ್ಕೆ ತೋರಿಸಿಕೊಟ್ಟ ಶಸ್ತ್ರವೈದ್ಯರಾದ ಜೋಸೆಫ್ ಲಿಸ್ಟರರ ಚರಿತ್ರೆಯನ್ನು ವಾಚಕರ ಮುಂದೆ ಇಡುತ್ತೇವೆ.

ಇವರು ೧೮೨೭ನೆಯ ಇಸವಿ ಎಪ್ರಿಲ್ ೫ರಲ್ಲಿ ಇಂಗ್ಲೆಂಡಿನ ಅಪ್ಟನ್ ಎಂಬ ಊರಿನಲ್ಲಿ ಕ್ವೇಕರ್ ಸಭೆಗೆ ಸೇರಿದ ಮನೆತನದಲ್ಲಿ ಹುಟ್ಟಿದರು. ತಂದೆಯವರು ವ್ಯಾಪಾರಿಗಳಾಗಿದ್ದರೂ ಸೂಕ್ಷ್ಮದರ್ಶಕದ ಗಾಜುಗಳನ್ನು ಸುಧಾರಿಸಿ ಹೆಸರು ಪಡೆದವರು. ಆದಕಾರಣ ಕಣ್ಣಿಗೆ ಕಾಣದ್ದನ್ನು ಹುಡುಕುವ ಅಭ್ಯಾಸವು ಮಗನಿಗೆ ಮನೆಯಲ್ಲಿಯೇ ಬಂದಿತು. ಲಂಡನ್ನಿನಲ್ಲಿ ವೈದ್ಯವಿದ್ಯೆಯನ್ನು ೧೮೫೨ರಲ್ಲಿ ಮುಗಿಸಿ, ಎಡಿನ್‌ಬರೋ ಪಟ್ಟಣದ ಸೈಮ್ ಎಂಬ ಶಸ್ತ್ರವೈದ್ಯರ ಬಳಿ ಪಳಗಿ, ೧೮೫೬ರಲ್ಲಿ ಅವರ ಮಗಳಾದ ಆಗ್ನೆಸ್ ಎಂಬಾಕೆಯನ್ನು ಮದುವೆಯಾದರು. ಆಕೆಯು ಪತಿಯ ಶೋಧನೆಗಳ ವಿವರಗಳನ್ನು ಬರೆದಿಡುತ್ತಾ ಅವರಿಗೆ ನೆರವಾದಳು. ೧೮೬೦ರಲ್ಲಿ ಲಿಸ್ಟರರು ಗ್ಲಾಸ್ಗೋ ಪಟ್ಟಣದಲ್ಲಿ ಶಸ್ತ್ರವೈದ್ಯದ ಉಪಾಧ್ಯಾಯರಾದರು.

ಆ ಕಾಲದ ಆಸ್ಪತ್ರೆಗಳು ಭಯಂಕರವಾಗಿದ್ದವು. ಶಸ್ತ್ರಕ್ಕೆ ಉಳಿದವನು ಗಾಯ ಕೊಳೆತು ಸಾಯುವನು. ಕೆಟ್ಟ ಗಾಳಿಯೇ ಕಾರಣವೆಂದು ವೈದ್ಯರು ನಂಬಿದ್ದರು. ೧೮೬೫ರಲ್ಲಿ ಫ್ರಾನ್ಸಿನ ಪಾಸ್ತರರ ಬರಹಗಳು ಲಿಸ್ಟರರಿಗೆ ದೊರಕಿದವು. ಕೊಳೆಯುವಿಕೆಯು ಸೂಕ್ಷ್ಮಜೀವಿಗಳ ಕೆಲಸವೆಂದು ಅವುಗಳಿಂದ ತಿಳಿದು, ಅವನ್ನು ಗಾಯದೊಳಗೇ ಕೊಲ್ಲಬೇಕೆಂದು ಇವರು ಯೋಚಿಸಿದರು. ಊರ ಕೊಚ್ಚೆಯ ದುರ್ವಾಸನೆ ಹೋಗಿಸಲು ಕಾರ್ಬಾಲಿಕ್ ಆಮ್ಲವನ್ನು ಬಳಸುತ್ತಿದ್ದ ಸಂಗತಿ ನೆನಪಾಗಿ, ಅದನ್ನೇ ಆರಿಸಿಕೊಂಡರು. ಅದೇ ವರುಷ ಆಗಸ್ಟ್ ೧೨ರಲ್ಲಿ, ಗಾಡಿಯ ಚಕ್ರ ಹರಿದು ಕಾಲೆಲುಬು ಮುರಿದು ಗಾಯವೂ ಆಗಿದ್ದ ಜೇಮ್ಸ್ ಗ್ರೀನ್‌ಲೀಸ್ ಎಂಬ ೧೧ ವರುಷದ ಹುಡುಗನನ್ನು ತಂದರು. ಅಂಥ ಕಾಲನ್ನು ಕತ್ತರಿಸಿ ತೆಗೆಯುವುದು ಆಗಿನ ವಾಡಿಕೆ. ಲಿಸ್ಟರರು ಆಮ್ಲದಲ್ಲಿ ತೋಯಿಸಿದ ಬಟ್ಟೆಯನ್ನು ಗಾಯಕ್ಕೆ ಕಟ್ಟಿ ನಾಲ್ಕು ದಿನ ಕಾದರು, ಬಿಚ್ಚಿದಾಗ ಕೀವಿರಲಿಲ್ಲ. ಆರು ವಾರಗಳಲ್ಲಿ ಎಲುಬು ಕೂಡಿ ಹುಡುಗನು ಎರಡು ಕಾಲುಗಳಿಂದ ನಡೆದುಹೋದನು. ಕೈಕಾಲು ಕತ್ತರಿಸಬೇಕಾದ ೩೫ ಜನರಲ್ಲಿ ಹಿಂದೆ ೧೬ ಮಂದಿ ಸತ್ತಿದ್ದರು. ಹೊಸ ಕ್ರಮದ ತರುವಾಯ ೪೦ರಲ್ಲಿ ೬ ಮಂದಿ ಮಾತ್ರ ಸತ್ತರು.

ಬಳಿಕ ಲಿಸ್ಟರರು ಅನೇಕ ವರುಷ ಗಾಯದ ಕಟ್ಟನ್ನೇ ತಿದ್ದುತ್ತಾ ಹೋದರು. ತೆಳುವಾದ ಹತ್ತಿಬಟ್ಟೆಯನ್ನು ಆಮ್ಲ, ರಾಳ, ಪ್ಯಾರಾಫಿನ್ ಮೇಣಗಳ ಪಾಕಕ್ಕೆ ಒಡ್ಡಿ, ಎಂಟು ಪದರವಾಗಿ ಮಡಚಿ ಕಟ್ಟುತ್ತಿದ್ದರು. ಬರ್ಮಿಂಗ್‌ಹ್ಯಾಮಿನ ಗ್ಯಾಂಜಿ ಎಂಬ ಶಸ್ತ್ರವೈದ್ಯರು ೧೮೮೦ರಲ್ಲಿ, ಜಿಡ್ಡು ತೆಗೆದ ಹತ್ತಿಯನ್ನು ಎರಡು ತೆಳು ಬಟ್ಟೆಗಳ ನಡುವೆ ಇಟ್ಟು ಕೀವು ಹೀರುವ ಕಟ್ಟನ್ನು ಮಾಡಿದರು.

ಹತ್ತಿಯು ನಮ್ಮ ಸೀಮೆಗೂ ಹೊಸದಲ್ಲ. ೧೮೬೧ರಿಂದ ೧೮೬೫ರ ತನಕ ಅಮೇರಿಕದಲ್ಲಿ ಯುದ್ಧ ನಡೆದಾಗ ಧಾರವಾಡದ ಹತ್ತಿಯು ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋಗುತ್ತಿತ್ತು. ಆ ಹತ್ತಿಗೆ ಕುಮಟೆಯ ಹೆಸರೇ ಬಿದ್ದಿತು. ಆದರೆ ಹಸಿ ಹತ್ತಿಯ ಎಳೆಯ ಮೇಲೆ ಮೇಣದಂಥ ಜಿಡ್ಡು ಇರುವುದರಿಂದ ಹಾಸಿಗೆಯ ಅರಳೆ ನೀರಿನಲ್ಲಿ ತೇಲುತ್ತದೆ, ರಕ್ತವನ್ನು ಹೀರುವುದಿಲ್ಲ. ಆದಕಾರಣ ಕಾರ್ಖಾನೆಗಳಲ್ಲಿ ಕಸ ತೆಗೆದ ಹತ್ತಿಯನ್ನು ಮುಚ್ಚಿದ ದೊಡ್ಡ ಹಂಡೆಗಳಲ್ಲಿ ಕಾಸ್ಟಿಕ್ ಸೋಡಾ ಬೆರೆತ ನೀರಿನೊಡನೆ, ಅಗಸನು ಉಬ್ಬೆ ಹಾಕುವ ಹಾಗೆ, ಗಂಟೆಗಟ್ಟಲೆ ಬೇಯಿಸುತ್ತಾರೆ. ಜಿಡ್ಡು ಬಿಟ್ಟ ಮೇಲೆ ತೊಳೆದು, ಹೈಡ್ರೋಜನ್ ಪೆರಾಕ್ಸೈಡಿನಿಂದ ಬಿಳುಪು ಮಾಡಿ, ಮತ್ತೆ ಜಾಲಿಸಿ, ಒಣಗಿಸಿ, ಹಿಂಜಿ ಸುರುಳಿ ಸುತ್ತುತ್ತಾರೆ. ಅದನ್ನು ನೀರಿನ ಮೇಲೆ ಬಿಟ್ಟರೆ ೧೦ ಸೆಕೆಂಡಿನೊಳಗೆ ಮುಳುಗಬೇಕು. ಇದೇ ಅದರ ಪರೀಕ್ಷೆ. ವಿರಳವಾಗಿ ನೇಯ್ದ ಗಾಜ್ ಬಟ್ಟೆಯನ್ನೂ ಹೀಗೆಯೇ ಬೇಯಿಸಿ, ಬಿಳುಪು ಮಾಡಿ, ಕತ್ತರಿಸಿ ಮಡಚುತ್ತಾರೆ. ಕ್ರಿಮಿಶುದ್ಧವಾಗಬೇಕಾದವುಗಳನ್ನು ಪೊಟ್ಟಣದಲ್ಲಿಟ್ಟು, ಒತ್ತಡದ ಉಗಿಯಲ್ಲಿ ೧೨೧ ಡಿಗ್ರಿ ಶಾಖಕ್ಕಾಗಲಿ ಬೇರೆ ತಕ್ಕ ವಿಧಾನಕ್ಕಾಗಲಿ ಒಳಪಡಿಸುತ್ತಾರೆ.

ಲಿಸ್ಟರರು ೧೮೭೭ರಲ್ಲಿ ಲಂಡನ್ನಿಗೆ ಬಂದರು. ೧೮೯೭ರಲ್ಲಿ ಲಾರ್ಡ್ ಪದವಿ ಹೊಂದಿದರು. ಗಾಳಿಯಲ್ಲಿಯೂ ಆಮ್ಲ ಸಿಂಪಡಿಸಬೇಕೆಂದು ಬಹು ವರುಷ ಬೋಧಿಸಿದ್ದ ಇವರು, ಅದು ಬೇಡವೆಂದು ತಿಳಿದಾಗ ೧೮೯೦ರಲ್ಲಿ ಎಲ್ಲರ ಮುಂದೆ ಅದನ್ನು ಕೈಬಿಟ್ಟರು. ೧೮೯೩ರಲ್ಲಿ ಪತ್ನಿಯನ್ನು ಕಳಕೊಂಡು, ೧೯೧೨ನೆಯ ಇಸವಿ ಫೆಬ್ರವರಿ ೧೦ರಲ್ಲಿ ತೀರಿಕೊಂಡರು.

ಪ್ರಿಯ ವಾಚಕರೇ, ಇಷ್ಟು ದೊಡ್ಡ ವೈದ್ಯರು ತನ್ನ ಹಳೆಯ ರೂಢಿಯನ್ನು ಬಿಡಲು ನಾಚಲಿಲ್ಲ. ಬೂದಿಯನ್ನೂ ಜೇಡರ ಬಲೆಯನ್ನೂ ಬಿಡಲು ನಮಗೆ ಏನು ಅಡ್ಡಿ? ಗಾಯವನ್ನು ಶುದ್ಧ ನೀರಿನಿಂದ ತೊಳೆಯಿರಿ. ಹತ್ತಿಯ ಎಳೆ ಗಾಯಕ್ಕೆ ಅಂಟುವುದರಿಂದ ಮೊದಲು ಕ್ರಿಮಿಶುದ್ಧವೆಂದು ಬರೆದಿರುವ ಪೊಟ್ಟಣದ ಗಾಜ್ ಬಟ್ಟೆಯನ್ನಿಟ್ಟು, ಅದರ ಮೇಲೆ ಹತ್ತಿಯನ್ನಿಟ್ಟು ಕಟ್ಟಿರಿ. ಒಡೆದ ಪೊಟ್ಟಣವನ್ನು ನಂಬಬೇಡಿರಿ. ಧನುರ್ವಾಯುವನ್ನು ಯಾವ ಕಟ್ಟೂ ತಡೆಯಲಾರದು. ಆದ್ದರಿಂದ ಗಾಯವು ಆಳವಾಗಿದ್ದರೂ ಮಣ್ಣು ಸೇರಿದ್ದರೂ ತಡಮಾಡದೆ ದವಾಖಾನೆಗೆ ಹೋಗಿ ಚುಚ್ಚುಮದ್ದಿನ ವಿಷಯ ವಿಚಾರಿಸಿರಿ.