ಹೆಸರೇ ಮುದ್ರೆಯಾದ ಗುರ್ಲಹೊಸೂರಿನ ಲಕ್ಷ್ಮಣರಾವ್

ಬಿಬವೇವಾಡಿ: ಆಸ್ಟ್ರೇಲಿಯಾದಲ್ಲಿ 1844ರಲ್ಲಿ ದ್ರಾಕ್ಷಿ ಬಳ್ಳಿ ನೆಟ್ಟ ಡಾ. ಪೆನ್‌ಫೋಲ್ಡ್ ಅವರ ಹೆಸರು ಇಂದಿಗೂ ವೈನ್ ಬಾಟಲಿಯ ಮೇಲಿದೆ. ನಮ್ಮಲ್ಲೂ ಅಂಥ ಒಂದು ಹೆಸರಿದೆ. ಅದು ಬಾಟಲಿಯ ಮೇಲಲ್ಲ, ದ್ರಾಕ್ಷಿ ತೋಟಕ್ಕೆ ನೀರೆತ್ತುವ ಪಂಪಿನ ಮೇಲೆ. ಅದುವೇ ಕಿರ್ಲೋಸ್ಕರ್.

ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಮನೆಮಾತು ಮರಾಠಿಯಾದರೂ ಹುಟ್ಟಿದ್ದು ನಮ್ಮ ನೆಲದಲ್ಲಿ. ಚಿತ್ರಕಲೆ ಕಲಿಯಲು ಮುಂಬಯಿಯ ಜೆ. ಜೆ. ಕಲಾ ಶಾಲೆಗೆ ಹೋದರು. ಬಣ್ಣ ಗುರುತಿಸುವ ದೃಷ್ಟಿದೋಷದಿಂದ ಅದನ್ನು ಬಿಟ್ಟು ಯಂತ್ರಗಳ ನಕ್ಷೆ ಕಲಿತರು. ಮುಂದೆ ಅಲ್ಲಿನ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾದರು. ತಮಗೆ ಸಲ್ಲಬೇಕಾದ ಬಡ್ತಿ ಆಂಗ್ಲೋ-ಇಂಡಿಯನ್ ಒಬ್ಬರ ಪಾಲಾದಾಗ ಕೆಲಸ ಬಿಟ್ಟು ಬೆಳಗಾವಿಗೆ ಮರಳಿದರು.

ಅಲ್ಲಿ ಅಣ್ಣನೊಡನೆ ಸೈಕಲ್ ಅಂಗಡಿ ನಡೆಸಿದರು. ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ತಯಾರಿಸಿದರು. ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆಂದು ರೈತರು ಹೆದರಿದರು. ಮೊದಲ ನೇಗಿಲು ಮಾರಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ನಗರದ ಹೊಸ ಬಡಾವಣೆಗಾಗಿ ಕಾರ್ಖಾನೆಯ ಜಾಗ ಖಾಲಿ ಮಾಡಬೇಕಾಯಿತು.

ಆಗ ಕೈಹಿಡಿದವರು ಔಂಧ್ ಸಂಸ್ಥಾನದ ರಾಜರು. 32 ಎಕರೆ ಬರಡು ಭೂಮಿ ಹಾಗೂ 10 ಸಾವಿರ ರೂಪಾಯಿ ಸಾಲ ಕೊಟ್ಟರು. ಬ್ಯಾಂಕಿನವರಾದ ನಾವು ಮೊದಲು ಅಡಮಾನ ಏನೆಂದು ಕೇಳುತ್ತೇವೆ. ಇವರ ಬಳಿ ಇದ್ದದ್ದು ದುಡಿಮೆಯ ಮೇಲಿನ ನಂಬಿಕೆ ಮಾತ್ರ. ಪಾಪಾಸುಕಳ್ಳಿ ಬೆಳೆದಿದ್ದ ಆ ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಮೊದಲ ಮಹಾಯುದ್ಧದಲ್ಲಿ ಕಬ್ಬಿಣದ ಅಭಾವವಾದಾಗ ಕೊಲ್ಲಾಪುರದ ಮಹಾರಾಜರು ಕೊಟ್ಟ ಹಳೆಯ ಫಿರಂಗಿಗಳನ್ನು ಕರಗಿಸಿ ನೇಗಿಲು ಮಾಡಿದರು. ತಮ್ಮ ಊರಿನಲ್ಲಿ ಅಸ್ಪೃಶ್ಯತೆಗೆ ಎಡೆಗೊಡಲಿಲ್ಲ. ಸೆರೆವಾಸ ಮುಗಿಸಿ ಬಂದವರನ್ನು ರಾತ್ರಿ ಕಾವಲಿಗೆ ನೇಮಿಸಿಕೊಂಡರು.

1946ರಲ್ಲಿ ಪುಣೆಯ ಖಡ್ಕಿಯಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಆರಂಭವಾಯಿತು. 1956ರಲ್ಲಿ ಅವರು ನಿಧನರಾದರು. 1969ರಲ್ಲಿ ಅಂಚೆ ಇಲಾಖೆ ಅವರ ಸ್ಮರಣೆಗೆ ಅಂಚೆಚೀಟಿ ಹೊರತಂದಿತು.

ಕಿರ್ಲೋಸ್ಕರವಾಡಿ ಇಂದು ಸಾಂಗ್ಲಿ ಜಿಲ್ಲೆಯ ಪಲೂಸ್ ತಾಲೂಕಿನಲ್ಲಿದೆ. ಅದೇ ಪಲೂಸ್‌ನಲ್ಲಿ ಮಹಾರಾಷ್ಟ್ರ ಸರಕಾರ ವೈನ್ ಪಾರ್ಕ್ ಹುಟ್ಟುಹಾಕಿತು. ಬರಡು ನೆಲದ ಸುತ್ತ ಇಂದು ದ್ರಾಕ್ಷಿ ತೂಗುತ್ತಿದೆ. ಆ ಸೀಮೆಯ ದ್ರಾಕ್ಷಿ ನಮ್ಮ ಪಕ್ಕದ ಮಾರ್ಕೆಟ್ ಯಾರ್ಡ್‌ಗೂ ಬರುತ್ತದೆ. ಊರು ಬಿಟ್ಟು ಬಂದು ಇಲ್ಲಿ ದುಡಿಯುತ್ತಿರುವ ನಮ್ಮ ಮಕ್ಕಳಿಗೆ ಈ ಹೆಸರಿನ ಹಿಂದಿನ ಮನುಷ್ಯನ ಪರಿಚಯವಿರಲಿ.